ಎಡ ಪುಟದ ಊರು

"ನೀರಿಲ್ರಿ."

ಚಹಾದಂಗಡಿಯ ಮೂಕಣ್ಣ ಇಷ್ಟು ಹೇಳಿ ತುಂಬಿದ ಕೊಡದ ಮೇಲೆ ತಟ್ಟೆ ಮುಚ್ಚಿದ. ಕೊಡದ ಮೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಮತ್ತ ಕೊಡದಾಗ ಇರೋದೇನಪ್ಪ?"

"ಅದು ಊರಿನವರಿಗೆ."

ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಒಬ್ಬನೂ ತಲೆ ಎತ್ತಲಿಲ್ಲ. ನಾನು ಎದ್ದು ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದೆ ಯಾರೋ ಕ್ಯಾಕರಿಸಿ ಉಗುಳಿದರು. ಮೂವತ್ತೊಂದು ವರ್ಷ ಖಾಕಿ ಹಾಕಿದ ಈ ಅಂಜಿನಯ್ಯನಿಗೆ ಅದು ಯಾರಿಗೆ ಉಗುಳಿದ್ದು ಅಂತ ತಿರುಗಿ ನೋಡುವ ಅಗತ್ಯ ಇರಲಿಲ್ಲ. ಆದರೆ ಮೈ ಉರಿಯಿತು. ಬಸ್ಸಿಳಿದು ಎರಡು ಮೈಲಿ ಬಿಸಿಲಲ್ಲಿ ನಡೆದು ಬಂದಿದ್ದೆ. ಮೂರನೇ ಸಲ ಬರುತ್ತಿದ್ದೇನೆ ಈ ಮಲ್ಲನಾಳಕ್ಕೆ, ಮೂರು ಸಲವೂ ಇದೇ ಮರ್ಯಾದೆ.

ಈ ಊರಲ್ಲಿ ಒಂದೂವರೆ ವರ್ಷ ಬಾಡಿಗೆಗಿದ್ದ ಫ್ರಾನ್ಸಿನ ಜೂಲಿಯೆಂ ಎಂಬಾತನನ್ನು ಡ್ಯಾಮಿನ ಹಿನ್ನೀರಿನಲ್ಲಿ ಕೊಂದ ಆರೋಪದ ಮೇಲೆ ಹರಗೋಲಿನ ಓಬಳೇಶ ಬಳ್ಳಾರಿ ಜೈಲಿನಲ್ಲಿದ್ದಾನೆ. ಗುರುವಾರ ಅವನ ಜಾಮೀನು ಅರ್ಜಿ, ಇವತ್ತು ಮಂಗಳವಾರ.

ನಿವೃತ್ತನಾದ ನನ್ನನ್ನು, ಓಬಳೇಶನ ವಕೀಲರಿಗೆ ಸಾಕ್ಷಿ ಹುಡುಕಿಕೊಡುವ ಈ ಕೆಲಸಕ್ಕೆ ಎಳೆದಾಕೆ ಅವನ ತಾಯಿ ಹೊಳೆಮ್ಮ. ಹೊಸಪೇಟೆ ಸಂತೆಯಲ್ಲಿ ಮೀನು ಮಾರುತ್ತಾಳೆ. ಊರಿನ ಕೊನೆಗೆ, ಖಾಲಿ ಬಿದ್ದ ಕಾಲುವೆಯ ಏರಿಗೆ ಒತ್ತಿಕೊಂಡು ಆಕೆಯ ಮನೆ. ನಾನು ಅಂಗಳದ ಬಾಗಿಲು ತಳ್ಳಿದಾಗ ಆಕೆ ಬಲೆ ಹೊಲಿಯುತ್ತಿದ್ದಳು.

"ಚಹಾದಂಗಡ್ಯಾಗ ನೀರು ಕೊಡ್ಲಿಲ್ಲೇನ್ರಿ?"

"ನಿನಗ ಹೆಂಗ ಗೊತ್ತಾತು?"

"ನನಗೂ ಎರಡು ತಿಂಗಳಿಂದ ಕೊಡವಲ್ಲರು." ಆಕೆ ಎದ್ದು ಚೊಂಬು ತುಂಬಿ ತಂದಳು.

ಕುಡಿದು ಉಳಿದ ನೀರಲ್ಲಿ ಕಾಲು ತೊಳೆದುಕೊಳ್ಳೋಣ ಅಂತ ಬಚ್ಚಲ ಪಕ್ಕದ ಒಗೆಯೋ ಕಲ್ಲಿನ ಮೇಲೆ ನಿಂತೆ. ಅಂಗಾಲಿಗೆ ಚುರುಕ್ ಅಂತು. ಒಗೆಯೋ ಕಲ್ಲು ಅಂದರೆ ಬಟ್ಟೆ ಉಜ್ಜಿ ಉಜ್ಜಿ ನುಣುಪಾಗಿರಬೇಕು. ಇದು ಒರಟು. ಅಂಚಿನ ಸಂದಿಯಲ್ಲಿ ಕಪ್ಪು ರೇವೆ ಮಣ್ಣು ಮೆತ್ತಿತ್ತು.

"ಅಲ್ಲಿ ಬ್ಯಾಡ್ರಿ ಸಾಹೇಬ್ರ. ಜಾರತೈತಿ. ಇತ್ತ ಬರ್ರಿ," ಅಂದಳು ಹೊಳೆಮ್ಮ.

ಇಷ್ಟು ಒರಟು ಕಲ್ಲು ಹೇಗೆ ಜಾರುತ್ತದೋ ನಾನು ಕೇಳಲಿಲ್ಲ. ಆಗ ನನ್ನ ತಲೆಯಲ್ಲಿ ಇದ್ದದ್ದು ಪುಸ್ತಕ ಒಂದೇ.

ಪುಸ್ತಕ ಅಂದರೆ ಇನ್ನೂರು ಪುಟದ ಗೆರೆ ನೋಟುಬುಕ್ಕು. ಜೂಲಿಯೆಂ ರೂಮಿನಲ್ಲಿ ಸಿಕ್ಕಿತು ಅಂತ ಹೋದ ವಾರ ಹೊಳೆಮ್ಮ ಮೀನಿನ ಬುಟ್ಟಿಯ ತಳದಲ್ಲಿ ಮುಚ್ಚಿ ತಂದುಕೊಟ್ಟದ್ದು. ಇವತ್ತಿಗೂ ತೆರೆದರೆ ಮೀನಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಜೂಲಿಯೆಂ ಅನ್ನೋ ಹೆಸರು ಈ ಊರಿನ ನಾಲಿಗೆಗೆ ಹೊರಳಲಿಲ್ಲ, ಬಂದ ತಿಂಗಳಿಗೇ ಜೂಲಪ್ಪ ಆದ. ಆ ಜೂಲಪ್ಪ ಹಟ ಹಿಡಿದು ಕನ್ನಡ ಕಲಿತು ತನ್ನ ಕೈಯಾರೆ ಬರೆದ ಪುಸ್ತಕ ಇದು. ಊರವರು ಓದಲಿ ಅಂತ ಬರೆದನಂತೆ. ಪಾಪ, ಓದುವವರು ಅವನ ಹೆಣಕ್ಕೆ ಒಂದು ಹಿಡಿ ಮಣ್ಣು ಹಾಕಲೂ ಬರಲಿಲ್ಲ.

ಅವನ ಕ್ರಮ ಹೀಗೆ. ಪುಸ್ತಕ ಬಿಡಿಸಿದರೆ ಎಡ ಪುಟದಲ್ಲಿ ಅವನ ಸ್ವಂತ ಊರು, ಬಲ ಪುಟದಲ್ಲಿ ಮಲ್ಲನಾಳ. ಮಣ್ಣಿಗೆ ಮಣ್ಣು, ನೀರಿಗೆ ನೀರು, ದೇವರಿಗೆ ದೇವರು.

ಎಡಕ್ಕೆ: "ನಮ್ಮ ಊರು ಶಾಂಬ್ರೆಲ್. ಫ್ರಾನ್ಸ್ ದೇಶದಲ್ಲಿ ಒಂದು ಸುಣ್ಣಕಲ್ಲಿನ ಗುಡ್ಡದ ಮೇಲೆ ಇದೆ. ಮನೆ ಅರವತ್ತೆರಡು. ಜನ ನೂರ ಎಂಬತ್ತು. ಮಳೆ ಬಂದರೆ ನೀರು ನಿಲ್ಲುವುದಿಲ್ಲ, ಕಲ್ಲು ಕುಡಿಯುತ್ತದೆ. ಗುಡ್ಡದ ಕೆಳಗೆ ಬುಗ್ಗೆ ಮತ್ತು ಹಳ್ಳ. ಮೊದಲು ದ್ರಾಕ್ಷಿ ಇತ್ತು. ಬೇರಿಗೆ ಹುಳ ಬಿದ್ದು ಬಳ್ಳಿ ಎಲ್ಲ ಸತ್ತವು. ಆಮೇಲೆ ಕುರಿ. ದೊಡ್ಡ ಯುದ್ಧಕ್ಕೆ ಹೋದ ಹುಡುಗರಲ್ಲಿ ಇಪ್ಪತ್ಮೂರು ಜನ ಬರಲಿಲ್ಲ. ಅವರ ಹೆಸರು ಚರ್ಚಿನ ಮುಂದೆ ಕಲ್ಲಿನ ಮೇಲೆ ಇವೆ. 1951ರಲ್ಲಿ ಸರಕಾರ ಹಳ್ಳಕ್ಕೆ ಕಟ್ಟೆ ಕಟ್ಟಿತು. ಕೆಳಗಿನ ಕೇರಿ ಮುಳುಗಿತು."

ಬಲಕ್ಕೆ: "ಮಲ್ಲನಾಳದಲ್ಲಿ ಎರೆ ಮಣ್ಣು. ಮನೆ ಇನ್ನೂರ ಹತ್ತು. ದಕ್ಷಿಣಕ್ಕೆ ಸಂಡೂರಿನ ಕೆಂಪು ಗುಡ್ಡ. ಹಳೇ ಊರು 1953ರಲ್ಲಿ ಡ್ಯಾಮಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿಯ ಕಟ್ಟೆ ಕಾಣುತ್ತದೆ. ಜನ ದಡದಲ್ಲಿ ನಿಂತು ತಮ್ಮ ಮನೆ ಎಲ್ಲಿತ್ತು ಎಂದು ಬೆರಳು ತೋರಿಸುತ್ತಾರೆ. ನನ್ನ ಅಜ್ಜನೂ ಹೀಗೆ ತೋರಿಸುತ್ತಿದ್ದ."

ಮೊದಮೊದಲು ನನಗೆ ಈ ಎಡ ಪುಟಗಳ ಮೇಲೆ ಸಿಟ್ಟೇ ಬಂದಿತ್ತು. ಕೊಲೆ ಪತ್ತೆ ಮಾಡಲು ಹೊರಟವನಿಗೆ ಯಾವುದೋ ದೇಶದ ಹಳ್ಳಿಯ ಮಣ್ಣು ಕಟ್ಟಿಕೊಂಡು ಏನಾಗಬೇಕು? ಹಾಳೆ ಮಗುಚುತ್ತ ಹೋಗಿದ್ದೆ. "ಊರು ಕಟ್ಟಿದವರು" ಅನ್ನೋ ತಲೆಬರಹ ಬಂದಾಗ ಕೈ ನಿಂತಿತು. ಎಡ ಪುಟ ಇದೆ. ಬಲ ಪುಟ ಇಲ್ಲ. ಬುಡಕ್ಕೆ ಕೈ ಹಾಕಿ ಹರಿದಿದ್ದಾರೆ.

ಹರಿದವನಿಗೆ ಮಲ್ಲನಾಳದ ಪುಟ ಬೇಕಾಗಿತ್ತು, ಹರಿದುಕೊಂಡ. ಪರದೇಶದ ಹಳ್ಳಿಯ ಪುಟ ಯಾರಿಗೆ ಬೇಕು, ಬಿಟ್ಟ. ಆದರೆ ಎಡಕ್ಕಿದ್ದದ್ದೇ ಬಲಕ್ಕೂ ಇರುತ್ತದೆ ಅನ್ನೋದು ಜೂಲಪ್ಪನ ಕ್ರಮ. ಈಗ ನಾನು ಅಂಗಳದ ಬೇವಿನ ಕಟ್ಟೆಯ ಮೇಲೆ ಕೂತು ಆ ಎಡ ಪುಟವನ್ನು ಹೊಳೆಮ್ಮನಿಗೆ ಓದಿ ಹೇಳಿದೆ.

"ನಮ್ಮ ಊರಿನ ಬುಗ್ಗೆಯನ್ನು ದೊಡ್ಡ ಮನೆಯ ದೊರೆ ತೋಡಿಸಿದ ಎಂದು ಮುನ್ನೂರು ವರ್ಷ ಎಲ್ಲರೂ ನಂಬಿದ್ದರು. ಪ್ರತಿ ಬೇಸಿಗೆ ಮೊದಲ ಕೊಡ ಆ ಮನೆಯದು. ಕಟ್ಟೆಯ ನೀರು ಇಳಿದ ಒಂದು ವರ್ಷ ಕೆಸರಿನಲ್ಲಿ ಒಂದು ಕಲ್ಲು ಸಿಕ್ಕಿತು. ಬುಗ್ಗೆ ತೋಡಿದ್ದು ಒಬ್ಬ ಬಟ್ಟೆ ಒಗೆಯುವ ಹೆಂಗಸು ಎಂದು ಅದರ ಮೇಲೆ ಕೆತ್ತಿತ್ತು. ನನ್ನ ಅಜ್ಜ ಕಲ್ಲನ್ನು ಮೇಲೆ ತಂದ. ಅಂಗಡಿಯವನು ಒಂದು ವರ್ಷ ಅಜ್ಜನಿಗೆ ರೊಟ್ಟಿ ಮಾರಲಿಲ್ಲ..."

ಇನ್ನೆರಡು ಸಾಲು ಇತ್ತು. ನಾನು ಅಲ್ಲಿಗೇ ಪುಸ್ತಕ ಮಡಿಚಿದೆ. ನನಗೆ ಬೇಕಾದದ್ದು ಸಿಕ್ಕಿತ್ತು.

"ಹೊಳೆಮ್ಮ, ಈ ಊರಾಗ ಮೊದಲ ಕೊಡ ಯಾರದು?"

"ಕೊಡ ಅಲ್ರಿ, ಕಾಯಿ. ಕಾಲುವಿಗೆ ನೀರು ಬಿಟ್ಟಾಗ ತೂಬಿನ ಮುಂದ ಮೊದಲ ಕಾಯಿ ಒಡಿಯೋರು ಮರಿಸ್ವಾಮಿ ಸಾವ್ಕಾರ್ರು. ಹಳೇ ಊರಾಗ ಮೊದಲ ಕಾಲುವಿ ಕಡಿಸಿದ್ದು ಅವರ ಮುತ್ತಾತ ಅಂತಾರಲ್ರಿ. ಈ ಸಲ ಗುರುವಾರ ಬಿಡ್ತಾರ."

"ಆ ಕಾಲುವಿ ಅವರದಲ್ಲ ಅಂತ ಹಳೇ ಊರಾಗ ಒಂದು ಕಲ್ಲು ಹೇಳತೈತಿ. ಜೂಲಪ್ಪ ಅದನ್ನ ನೋಡ್ಯಾನ. ಅದಕ್ಕ ಅವನ್ನ ಮುಗಿಸಿದ್ರು, ಪುಟ ಹರಿದ್ರು. ಈ ಪುಸ್ತಕ ಯಾರ ಕೈಗರ ಕೊಟ್ಟಿದ್ದೇನು?"

ಹೊಳೆಮ್ಮ ಬಲೆಯ ದಾರವನ್ನು ಹಲ್ಲಿನಿಂದ ಕಡಿದಳು. "ಜೂಲಪ್ಪನ ರೂಮಿಗೆ ಸಾವ್ಕಾರ್ರ ಮಂದಿ ಹೋಗಿ ಬಂದಾರ್ರಿ. ಯಾರ್ ಹರಿದ್ರೋ ನನಗೇನು ಗೊತ್ತು, ನನಗ ಓದಾಕ ಬರಂಗಿಲ್ಲ."

ಅಕ್ಕಿ ಗಿರಣಿಯ ಮರಿಸ್ವಾಮಿಗೆ ಕೊಲ್ಲಲು ಕಾರಣ ಇತ್ತು, ಸರಿ. ಆದರೆ ಕೋರ್ಟಿಗೆ ಕಾರಣ ಸಾಲದು. ಓಬಳೇಶನನ್ನು ಜೈಲಿಗೆ ನೂಕಿದ್ದು ಒಂದೇ ಒಂದು ಸಾಕ್ಷಿ: ಮರಿಸ್ವಾಮಿಯ ಹೊಲ ಮಾಡುವ ಹೊನ್ನೂರಪ್ಪ. ಅವನ ಹೇಳಿಕೆಯ ನಕಲು ನನ್ನ ಜೇಬಿನಲ್ಲಿತ್ತು.

"ದಿನಾಂಕ 21-5-84ರ ಸಂಜೆ ನಾನು ಎತ್ತುಗಳನ್ನು ಹೂಡಿ ಹಿನ್ನೀರಿನ ದಡದ ಹೊಲವನ್ನು ಹರಗುತ್ತಿರುವಾಗ, ಆರೋಪಿಯು ಮೃತನನ್ನು ಹರಗೋಲಿನಲ್ಲಿ ಕೂರಿಸಿಕೊಂಡು ಹಳೇ ಊರಿನ ಕಡೆಗೆ ಹೋಗಿದ್ದನ್ನು ಕಣ್ಣಾರೆ ಕಂಡಿರುತ್ತೇನೆ."

ಇದನ್ನು ಇಪ್ಪತ್ತು ಸಲ ಓದಿದ್ದೆ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಜೂಲಪ್ಪನ ಪುಸ್ತಕದ ಇನ್ನೊಂದು ಜೋಡಿ ಪುಟ ಓದಿದ ಮೇಲೆ ಇಪ್ಪತ್ತೊಂದನೇ ಸಲ ಓದಿದೆ. ಎಡಕ್ಕೆ: "ಶಾಂಬ್ರೆಲ್‌ನಲ್ಲಿ ಭಾನುವಾರ ಎತ್ತುಗಳಿಗೆ ರಜೆ. ಅಂದು ನೊಗ ಹೊರಿಸಿದವನ ಮನೆಗೆ ಪಾದ್ರಿ ಕಾಲಿಡುತ್ತಿರಲಿಲ್ಲ." ಬಲಕ್ಕೆ: "ಮಲ್ಲನಾಳದಲ್ಲಿ ಸೋಮವಾರ. ಅದು ಬಸವಣ್ಣನ ದಿನ. ನಾನು ಎಪ್ಪತ್ತೆರಡು ಸೋಮವಾರ ಎಣಿಸಿದೆ. ಒಬ್ಬನೂ ಎತ್ತು ಹೂಡಲಿಲ್ಲ."

ಹೊಳೆಮ್ಮನ ಮನೆಯ ಗೋಡೆಗೆ ಗೊಬ್ಬರದಂಗಡಿಯ ಕ್ಯಾಲೆಂಡರ್ ಇತ್ತು. ಹಿಂದಿನ ಹಾಳೆ ಎತ್ತಿ ಮೇ ತಿಂಗಳು ನೋಡಿದೆ. ಇಪ್ಪತ್ತೊಂದು, ಸೋಮವಾರ.

ನನಗೆ ನಗು ತಡೆಯಲಾಗಲಿಲ್ಲ. "ಯವ್ವಾ, ನಿನ್ನ ಮಗ ಗುರುವಾರ ಮನಿಗೆ ಬರ್ತಾನ. ಸೋಮವಾರ ಎತ್ತು ಹೂಡಿದ್ನಂತ ಹೊನ್ನೂರಪ್ಪ. ಹಸಿ ಸುಳ್ಳು. ಈಗಲೇ ಹೋಗಿ ಬಾಯಿ ಬಿಡಿಸ್ತೀನಿ."

ಮಗ ಬರುತ್ತಾನೆ ಅಂದರೆ ತಾಯಿಯ ಮುಖ ಅರಳಬೇಕು. ಹೊಳೆಮ್ಮನ ಕೈಯಲ್ಲಿನ ಬಲೆ ನೆಲಕ್ಕೆ ಬಿತ್ತು.

"ಹೊನ್ನೂರಪ್ಪನ್ನ ಕೆದಕಬ್ಯಾಡ್ರಿ ಸಾಹೇಬ್ರ. ಕೋರ್ಟಿನಾಗ ವಕೀಲ್ರು ಕೇಳಿಕೊಳ್ಳಲಿ."

"ನೀ ಸುಮ್ನಿರು."

ಆಕೆಯ ಮಾತು ಕೇಳಿದ್ದರೆ ಚೆನ್ನಾಗಿತ್ತು. ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ, ನಿಮಗೆ ವಯಸ್ಸಾದರೂ ಸೆಡವು ಇಳಿಯಲಿಲ್ಲ ಅಂತ.

ಗಿರಣಿಯ ಮುಂದಿನ ಕಣದಲ್ಲಿ ಹೊನ್ನೂರಪ್ಪ ಬಿಸಿಲಿಗೆ ಹಾಕಿದ ಭತ್ತವನ್ನು ಕಾಲಿನಿಂದ ಕೆದರುತ್ತಿದ್ದ. ಅರವತ್ತರ ಆಸುಪಾಸು, ಮೂಳೆ ಚರ್ಮ. ಒಳಗೆ ಯಂತ್ರದ ಪಟ್ಟೆ ಪಟಪಟ ಅನ್ನುತ್ತಿತ್ತು, ತೌಡಿನ ಧೂಳು ಗಾಳಿಯಲ್ಲೆಲ್ಲ ಹಾರಾಡುತ್ತಿತ್ತು. ಮಾಡಿನ ಕೆಳಗೆ ಕುರ್ಚಿಯಲ್ಲಿ ಮರಿಸ್ವಾಮಿ ಕೂತು ಅಡಿಕೆ ಅಗಿಯುತ್ತಿದ್ದ. ಬಿಳಿ ಅಂಗಿ, ಹಣೆಗೆ ಮೂರು ಬೆರಳಿನ ವಿಭೂತಿ. ಕಾಲುವೆ ಬಂದ ಮೇಲೆ ಎದ್ದ ಗಿರಣಿ, ಹೊಸ ಟ್ರ್ಯಾಕ್ಟರು, ಎರಡಂತಸ್ತಿನ ಮನೆ. ನನ್ನನ್ನು ಕಂಡು ಏಳಲಿಲ್ಲ.

"ಬರ್ರಿ ಅಂಜಿನಯ್ಯನೋರ. ಕುಂದ್ರಿ ಅನ್ನಾಕ ಇನ್ನೊಂದು ಕುರ್ಚಿ ಇಲ್ಲ."

"ಕುಂದ್ರಾಕ ಬಂದಿಲ್ಲ ಸಾವ್ಕಾರ್ರ. ಹೊನ್ನೂರಪ್ಪನ ಕೂಡ ಎರಡು ಮಾತು."

"ಆತನ ಮಾತು ಠಾಣ್ಯಾಗ ಆಗೇತಿ."

"ನಿಮ್ಮ ಮುಂದೇ ಆಡ್ತೀನಿ. ಅಂಜಿಕಿ ಯಾಕ?"

ಮರಿಸ್ವಾಮಿ ಕೈ ಬೀಸಿದ. ಯಂತ್ರ ನಿಂತಿತು. ಒಳಗಿನಿಂದ ಮೈಗೆಲ್ಲ ತೌಡು ಮೆತ್ತಿಕೊಂಡ ಐದಾರು ಜನ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಒಬ್ಬನ ಕೈಯಲ್ಲಿ ಚೀಲ ಎಳೆಯುವ ಕೊಕ್ಕೆ ಇತ್ತು. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವನೂ ನೋಡಿದ.

"ಹೊನ್ನೂರಪ್ಪ, ನಿನ್ನ ಎತ್ತಿನ ಹೆಸರೇನಪ್ಪ?"

ಮುದುಕ ಗಲಿಬಿಲಿಯಾದ. "ಎತ್ತಿನ ಹೆಸರೇನ್ರಿ? ಒಂದು ಮಲ್ಲ, ಒಂದು ಕಾರಿ."

"ಬಸವಣ್ಣನ ದಿನ ಮಲ್ಲನ ಹೆಗಲ ಮ್ಯಾಲೆ ನೊಗ ಇಡುವಾಗ ಕೈ ನಡುಗಲಿಲ್ಲೇನು?"

"ಏನ್ ಹೇಳಾಕತ್ತೀರಿ?"

"ಸೋಮವಾರ ಎತ್ತು ಹೂಡಿದ್ದೆ ಅಂತ ಹೆಬ್ಬೆಟ್ಟು ಒತ್ತೀ. ಇಲ್ಲೈತಿ ನೋಡು ಕಾಗದ." ನಾನು ನಕಲನ್ನು ಬಿಡಿಸಿ ಹಿಡಿದೆ. "ಇಪ್ಪತ್ತೊಂದನೇ ತಾರೀಕು. ಸೋಮವಾರ."

ಹೊನ್ನೂರಪ್ಪನ ಮುಖ ಕೆಂಪಗಾಯಿತು. ಅಷ್ಟು ಬಡಕಲು ಮನುಷ್ಯನಲ್ಲಿ ಅಷ್ಟು ರಕ್ತ ಇದೆ ಅಂತ ನಾನು ಎಣಿಸಿರಲಿಲ್ಲ.

"ಯಾವ ಪಾಪಿ ಹೇಳಿದ್ರಿ? ನಮ್ಮಪ್ಪ, ನಮ್ಮಜ್ಜ, ಅವರಪ್ಪ, ಯಾರೂ ಸೋಮವಾರ ಎತ್ತು ಹೂಡಿದೋರಲ್ಲ. ಹೊಟ್ಟಿಗೆ ಇಲ್ದಿದ್ರೂ ಹೂಡಿಲ್ಲ. ನನ್ನ ಮೊಮ್ಮಕ್ಕಳ ಮ್ಯಾಲೆ ಆಣಿ."

ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಕೊಕ್ಕೆ ಹಿಡಿದವನೂ ತಲೆ ಆಡಿಸಿದ. ನನ್ನ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಇಷ್ಟು ಮಂದಿಯ ಮುಂದೆ ಒಂದೇ ಪ್ರಶ್ನೆಗೆ ಸಾಕ್ಷಿ ಮಗುಚಿ ಬಿದ್ದಿದ್ದ.

"ಹಂಗಾದ್ರ ಆ ಸಂಜಿ ನೀ ಹೊಲದಾಗ ಇರಲಿಲ್ಲ. ಓಬಳೇಶನ್ನ ನೋಡಲಿಲ್ಲ. ಯಾರು ಹೇಳಿಸಿದ್ರು ಈ ಮಾತು? ಇವರೇನು?"

ಮರಿಸ್ವಾಮಿ ಕುರ್ಚಿಯಿಂದ ಅಲುಗಲಿಲ್ಲ. ಅಗಿಯುತ್ತಲೇ ಇದ್ದ.

ಹೊನ್ನೂರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಯಾರೂ ಹೇಳಿಸಿಲ್ರಿ. ನಾ ನೋಡಿದ್ದು ಖರೇ."

"ಮತ್ತೆ ಸೋಮವಾರ?"

"ನಾ ಸೋಮವಾರ ಅಂದೇ ಇಲ್ರಿ. ಹೆಣ ಸಿಕ್ಕಿದ್ದು ಮಂಗಳವಾರ. ಅವತ್ತು ಸಂಜಿಗೆ ಠಾಣ್ಯಾಗ ಕೇಳಿದ್ರು. 'ಮೊನ್ನೆ ಹೊತ್ತು ಮುಳುಗೋ ಮುಂದ ನೋಡೀನಿ' ಅಂದೆ. ರೈಟರ್ ಸಾಹೇಬ್ರು ನಾಳೆ ಬರಕೊಂತೀನಿ ಹೋಗು ಅಂದ್ರು. ಮರುದಿನ ಹೋದೆ. 'ಮೊನ್ನೆ ನೋಡೀನಿ ಅಂದಿದ್ದಿ, ಹೌದಲ್ಲ' ಅಂದ್ರು. ಹೌದ್ರಿ ಅಂದೆ. ಹೆಬ್ಬೆಟ್ಟು ಒತ್ತು ಅಂದ್ರು, ಒತ್ತಿದೆ. ತಾರೀಕು ನನಗ್ಯಾಕ ತಿಳೀತೈತಿ?"

ನಾನು ಬೆರಳು ಮಡಿಚಿ ಎಣಿಸಿದೆ. ಮಂಗಳವಾರದ ಮೊನ್ನೆ ಬೇರೆ, ಬುಧವಾರದ ಮೊನ್ನೆ ಬೇರೆ. ಬರೆದುಕೊಂಡ ದಿನದಿಂದ ಹಿಂದಕ್ಕೆ ಎಣಿಸಿ ಆ ಪುಣ್ಯಾತ್ಮ ಇಪ್ಪತ್ತೊಂದು ಅಂತ ಗೀಚಿದ್ದಾನೆ. ಈ ಕಡೆಯ ಮನುಷ್ಯನಾಗಿದ್ದರೆ ಸೋಮವಾರ ಎತ್ತು ಅಂತ ಬರೆಯುವಾಗ ಪೆನ್ನು ನಿಲ್ಲುತ್ತಿತ್ತು.

"ಅಂದ್ರ ನೀ ನೋಡಿದ್ದು..."

"ಐತವಾರರಿ. ದೇವರಾಣಿ ಐತವಾರ. ಮರುದಿನ ಎತ್ತಿಗೆ ರಜಾ ಅಂತ ಅವತ್ತು ಹೊತ್ತು ಮುಳುಗೋತನಕ ಹರಗಿದೆ. ಅದಕ್ಕ ನೆಪ್ಪೈತಿ."

ಭಾನುವಾರ, ಸೋಮವಾರ ಎರಡೂ ದಿನ ಹರಗೋಲನ್ನು ನೀರಿಗೇ ಇಳಿಸಿಲ್ಲ, ಮಗುಚಿ ಹಾಕಿ ತಳಕ್ಕೆ ಡಾಂಬರು ಹಚ್ಚಿ ಒಣಗಿಸಿದ್ದೆ ಅಂತ ಓಬಳೇಶ ಜೈಲಿನ ಸರಳು ಹಿಡಿದು ನನಗೆ ಹೇಳಿದ್ದ. ಹೊಳೆಮ್ಮನೂ ಅದನ್ನೇ ಹೇಳಿದ್ದಳು. ಇಬ್ಬರೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದರು. ಇಲ್ಲಿ ಈ ಮುದುಕ ಮೊಮ್ಮಕ್ಕಳ ಮೇಲೆ ಆಣೆ ಇಡುತ್ತಿದ್ದಾನೆ, ಅವನ ಮುಖದಲ್ಲಿ ಸುಳ್ಳಿನ ಕುರುಹೇ ಇಲ್ಲ.

ಅಲ್ಲಿಗೆ ಸುಮ್ಮನಿದ್ದು ಬರಬೇಕಿತ್ತು. ಪೊಲೀಸ್ ಬುದ್ಧಿ, ಬಾಯಿ ಸುಮ್ಮನಿರಲಿಲ್ಲ.

"ತಿರುಗಿ ಬರೋದನ್ನ ನೋಡಿದೇನು?"

"ನೋಡಿದ್ನಿರಿ. ಕತ್ತಲಾಗಿತ್ತು, ಆದ್ರ ನೀರಿನ ಮ್ಯಾಲೆ ಬೆಳಕಿತ್ತು. ಹೋಗುವಾಗ ಇಬ್ರು. ಬರುವಾಗ ಓಬಳೇಶ ಒಬ್ನೇ."

"ಒಬ್ನೇ."

"ಒಬ್ನೇ. ಆದ್ರ ಹರಗೋಲು ಅಂಚಿನತನಕ ನೀರಾಗ ಇಳಿದಿತ್ತರಿ. ನಾಕು ಮಂದಿ ಕುಂತಂಗ ಭಾರ. ನಡುವ ಏನೋ ಗೋಣಿತಟ್ಟು ಮುಚ್ಚಿತ್ತು."

"ಇದನ್ನ ಠಾಣ್ಯಾಗ ಹೇಳಿದೇನು?"

"ಯಾರೂ ಕೇಳಲಿಲ್ರಿ."

ಮಾಡಿನ ಕೆಳಗೆ ಅಗಿಯುವ ಸಪ್ಪಳ ನಿಂತಿತ್ತು. ನಾನು ತಿರುಗಿ ನೋಡಿದೆ. ಮರಿಸ್ವಾಮಿ ಅಡಿಕೆಯನ್ನು ಉಗುಳಿ, ಮೊದಲ ಸಲ ಕುರ್ಚಿಯಿಂದ ಎದ್ದು ನಿಂತಿದ್ದ.

"ಭಾರ ಇತ್ತಂತ," ಅಂದ, ತನಗೆ ತಾನೇ ಅನ್ನೋ ಹಾಗೆ. ಆಮೇಲೆ ನನ್ನ ಕಡೆ ನಕ್ಕ. "ಅಂಜಿನಯ್ಯನೋರ, ನಿಮಗ ಎಷ್ಟು ಕೈ ಮುಗಿದ್ರೂ ಕಡಿಮಿ. ಎರಡು ತಿಂಗಳಿಂದ ಹಳೇ ಊರಿನ ಕೆಸರೆಲ್ಲ ಜಾಲಾಡಿಸಿದೆ ನಾನು. ಅಲ್ಲಿ ಇಲ್ಲದ್ದು ಎಲ್ಲಿ ಹೋತು ಅಂತ ತಿಳೀವಲ್ದಾಗಿತ್ತು."

"ಏನು ಹುಡುಕಾಕತ್ತಿದ್ರಿ?"

"ಏನೋ ನಮ್ಮ ಹಿರೇರ ವಸ್ತು. ನೀವು ಹೋಗಿ ಬರ್ರಿ. ಗುರುವಾರ ತೂಬಿನ ಹತ್ರ ಬರ್ರಿ, ಕಾಯಿ ಹೋಳು ಕೊಡ್ತೀನಿ. ಕೋರ್ಟಿಗೆ ಹೋಗೋ ಕೆಲಸ ನಿಮಗ ಉಳಿದಿಲ್ಲ."

ಬಾಗಿಲಲ್ಲಿದ್ದವರು ದಾರಿ ಬಿಡಲಿಲ್ಲ. ನಾನೇ ಭತ್ತದ ಮೇಲೆ ಕಾಲಿಟ್ಟು ಸುತ್ತಿಕೊಂಡು ಬಂದೆ. ಕೊಕ್ಕೆಯವನು ನನ್ನ ಭುಜಕ್ಕೆ ಭುಜ ತಾಗಿಸಿದ. ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಅದು ನಾನೇ. ಸುಳ್ಳುಸಾಕ್ಷಿ ಅಂತ ಹೋಗಿ ಅವನ ಬಾಯಿಂದ ನಿಜ ಹೊರಡಿಸಿದ್ದೆ. ಆ ನಿಜ ನನ್ನ ಕಕ್ಷಿದಾರನ ಕೊರಳಿಗೇ ಬಿಗಿಯುತ್ತಿತ್ತು.

ಕಾಲುವೆ ಏರಿಯ ಮೇಲೆ ಬರುವಾಗ ಒಂದೇ ಮಾತು ಕೊರೆಯುತ್ತಿತ್ತು. ಗೋಣಿತಟ್ಟಿನ ಕೆಳಗಿದ್ದದ್ದು ಜೂಲಪ್ಪನ ಹೆಣ ಅಲ್ಲ, ಹೆಣ ಹಳೇ ಊರಿನ ಹತ್ತಿರವೇ ಸಿಕ್ಕಿದೆ. ಹಾಗಾದರೆ ಭಾರ ಯಾವುದು? ಮರಿಸ್ವಾಮಿಗೆ ಹೊಳೆದದ್ದು ನನಗೆ ಹೊಳೆಯಲು ಅರ್ಧ ಮೈಲಿ ಹಿಡಿಯಿತು. ಕಲ್ಲು. ಕಲ್ಲು ನೀರಿನಲ್ಲಿ ಇಲ್ಲ, ಊರೊಳಗೆ ಬಂದಿದೆ.

ನಡುದಾರಿಯಲ್ಲಿ ನಿಂತು ಪುಸ್ತಕ ತೆಗೆದೆ. ಎಡ ಪುಟದಲ್ಲಿ ನಾನು ಓದದೆ ಬಿಟ್ಟ ಎರಡು ಸಾಲು.

"ಕೊನೆಗೆ ಅಜ್ಜ ಕಲ್ಲನ್ನು ಬೋರಲು ಹಾಕಿ ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಮಾಡಿದ. ಅದನ್ನು ಹುಡುಕಲು ಬಂದವರು ಅದರ ಮೇಲೆಯೇ ನಿಂತು ಕಾಲು ತೊಳೆದು ಹೋದರು."

ಅಂಗಾಲಿನಲ್ಲಿ ಬೆಳಗಿನ ಚುರುಕು ಇನ್ನೂ ಇತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಹೊಳೆಮ್ಮ ನಾನು ಬರುವುದನ್ನೇ ಕಾಯುತ್ತಿದ್ದ ಹಾಗೆ ಅಂಗಳದಲ್ಲಿ ನಿಂತಿದ್ದಳು. ನಾನು ನೇರ ಬಚ್ಚಲ ಪಕ್ಕ ಹೋಗಿ ಮಂಡಿಯೂರಿದೆ. ಕಲ್ಲಿನ ಅಡಿಗೆ ಮಣ್ಣು ಕೆದರಿ ನಾಲ್ಕು ಬೆರಳು ತೂರಿಸಿದೆ. ತಣ್ಣಗಿನ ರೇವೆ, ಅದರ ಹಿಂದೆ ಅಕ್ಷರಗಳ ಗುಳಿ. ಒಂದು, ಎರಡು, ಸಾಲಾಗಿ.

"ಪುಟ ಹರಿದಾಕಿ ನೀನೇ," ಅಂದೆ.

"ಹೌದ್ರಿ." ಆಕೆ ಅಂಗಳದ ಬಾಗಿಲು ಮುಚ್ಚಿ ಅಗಳಿ ಹಾಕಿದಳು. "ಈ ಕಲ್ಲಿನ ಚಿತ್ರ ಇತ್ತು ಅದರಾಗ. ಹರಿದು ಒಲಿಗೆ ಹಾಕಿದೆ. ಅವನೂರಿನ ಪುಟದಾಗ ಏನೈತಿ ಅಂತ ನಾ ಯಾಕ ನೋಡ್ಲಿ? ಮಗ ಜೈಲಿನಾಗ ಕುಂತಾನ, ಪರದೇಶದ ಊರು ಕಟ್ಟಿಕೊಂಡು ನನಗೇನು?"

"ಜೂಲಪ್ಪನ್ನ ನಿನ್ನ ಮಗ..."

"ಕೊಂದಿಲ್ರಿ. ಕಲ್ಲು ಏರಿಸಿದ ಮ್ಯಾಲೆ ಹರಗೋಲು ಇಬ್ರನ್ನ ಹೊರಲಿಲ್ಲ. ನೀ ಹೋಗು, ಇಳಿಸಿ ಬಾ, ನಾ ಗುಡಿ ಕಟ್ಟಿ ಮ್ಯಾಲೆ ಕುಂತಿರ್ತೀನಿ ಅಂದ್ರಂತ ಜೂಲಪ್ಪ. ನಾನೂ ನನ್ನ ಮಗನೂ ಗಳ ಹಾಕಿ ಕಲ್ಲು ಹೊತ್ವಿ. ಅವ ತಿರುಗಿ ಹೋದಾಗ ಕಟ್ಟಿ ಮ್ಯಾಲೆ ಯಾರೂ ಇರಲಿಲ್ಲ." ಆಕೆ ನನ್ನ ಮುಖವನ್ನೇ ನೋಡಿದಳು. "ಇದನ್ನ ಯಾರು ನಂಬ್ತಾರ್ರಿ? ನೀವು ನಂಬ್ತೀರೇನು?"

ನನ್ನ ಬೆರಳುಗಳು ಇನ್ನೂ ಕಲ್ಲಿನ ಅಡಿಯಲ್ಲಿದ್ದವು.

"ಮೊದಲ ಕಾಲುವಿ ಕಡಿದಾತ ನಮ್ಮ ಭರಮಣ್ಣಜ್ಜ ಅಂತ ಕೆತ್ತೈತಂತ ಅದರಾಗ. ಜೂಲಪ್ಪ ಓದಿ ಹೇಳಿದ್ರು. ನಮ್ಮ ಕೇರಿಯವರು ಸಾವ್ಕಾರ್ರ ಕಾಯಿ ಹೋಳಿಗೆ ಕೈ ಚಾಚಿಕೊಂಡು ಎಷ್ಟು ತಲಿಮಾರು ಆದ್ವೋ. ಈ ಕಲ್ಲು ತಿರುವಿದ್ರ ಕೇರಿಗೆ ಮಾನ ಬರತೈತಿ. ಆದ್ರ ಅವತ್ತು ನನ್ನ ಮಗ ಹಳೇ ಊರಿಗೆ ಹೋಗಿದ್ದು ಖರೇ ಆಗತೈತಿ, ಅವ ಉಳಿಯಂಗಿಲ್ಲ. ಪೊಲೀಸ್ರು ಇದರ ಮ್ಯಾಲೇ ನಿಂತು ಮನಿ ತಪಾಸ್ ಮಾಡಿದ್ರು, ನಾ ಉಸಿರು ಬಿಡಲಿಲ್ಲ. ನಿಮಗೂ ಹೇಳಬಾರದು ಅಂತಿದ್ದೆ. ನೀವು ಹೊನ್ನೂರಪ್ಪನ ಬಾಯಿ ಬಿಡಿಸಿದ್ರೇನು?"

"ಬಿಡಿಸಿದೆ."

"ಯಾರ ಮುಂದ?"

ಹೇಳುವ ಅಗತ್ಯ ಬೀಳಲಿಲ್ಲ. ಏರಿಯ ಮೇಲಿಂದ ಟ್ರ್ಯಾಕ್ಟರಿನ ಸದ್ದು ಬಂತು. ಇಳಿಜಾರಿನಲ್ಲಿ ಇಳಿಯಿತು, ಬಾಗಿಲ ಮುಂದೆ ನಿಂತಿತು. ಟ್ರೇಲರಿನಿಂದ ಐದಾರು ಜನ ಒಬ್ಬೊಬ್ಬರಾಗಿ ಧುಮುಕಿದರು.

ಮೂವತ್ತು ವರ್ಷದಲ್ಲಿ ಮರಿಸ್ವಾಮಿ ಈ ಕೇರಿಗೆ ಕಾಲಿಟ್ಟಿರಲಿಲ್ಲ. ಈಗ ಅವನ ದನಿ ಬಾಗಿಲಿಗೆ ಬಾಯಿ ಹಚ್ಚಿದಷ್ಟು ಹತ್ತಿರದಿಂದ, ಮೆತ್ತಗೆ ಬಂತು.

"ಹೊಳೆಮ್ಮ, ಬಾಗಲಾ ತಗಿ. ಭಾಳ ಧೂಳು ಆಗೇತಿ. ಕಾಲು ತೊಳಕೊಳ್ಳಾಕ ಒಂದು ಚೊಂಬು ನೀರು ಕೊಡು."

ಹೊಳೆಮ್ಮ ಬಾಗಿಲಿನ ಕಡೆ ನೋಡಲಿಲ್ಲ. ಬಂದು ಕಲ್ಲಿನ ಮೇಲೆ ಕೂತಳು. ನಾನು ಬೆರಳು ಹೊರಗೆಳೆದುಕೊಂಡೆ.

"ಹೇಳ್ರಿ ಸಾಹೇಬ್ರ," ಅಂದಳು. "ಕಲ್ಲು ತಿರುವ್ಲೋ, ಸಾವ್ಕಾರ್ರಿಗೆ ಕೊಡ್ಲೋ? ಕೇರಿನೋ, ನನ್ನ ಮಗನೋ? ನೀವು ಹೇಳಿದ್ಮ್ಯಾಲೆ ಬಾಗಲಾ ತಗೀತೀನಿ."